ಮೊರ್ಬಿಗೆ ಮೊದಲು ಮಂಗಳೂರು

ಬೆಂಗಳೂರಾಗಲಿ ದಾವಣಗೆರೆಯಾಗಲಿ, ಹೊಸ ಮನೆಗೆ ನೆಲ ಆರಿಸಲು ಟೈಲ್ಸ್ ಅಂಗಡಿಗೆ ಹೋದವರ ಮುಂದೆ ಸಾಲಾಗಿ ನಿಂತಿರುವ ಮಾದರಿಗಳಲ್ಲಿ ಹೆಚ್ಚಿನವು ಒಂದೇ ಊರಿನವು. ಅದು ಗುಜರಾತಿನ ಸೌರಾಷ್ಟ್ರದಲ್ಲಿ ಮಚ್ಛು ನದಿಯ ದಂಡೆಯ ಮೇಲಿರುವ ಮೊರ್ಬಿ. ಅಲ್ಲಿ ಹೊರಟ ಲಾರಿ 1,500 ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿ ಬೆಂಗಳೂರು ಮುಟ್ಟುತ್ತದೆ. ದೇಶದ ಸಿರಾಮಿಕ್ ಟೈಲ್ಸ್‌ನ ಬಹುಪಾಲು ಈ ಊರಿನ ಸುತ್ತಮುತ್ತಲ ಕಾರ್ಖಾನೆಗಳಲ್ಲೇ ತಯಾರಾಗುತ್ತದೆ.

ಆದರೆ ಮೊರ್ಬಿಯ ಭಟ್ಟಿಗಳು ನೆಲದ ಟೈಲ್ಸ್‌ಗಿಂತ ಮೊದಲು ಸುಡುತ್ತಿದ್ದದ್ದು ಛಾವಣಿಯ ಹಂಚನ್ನು, ಅದೂ ಮಂಗಳೂರು ಮಾದರಿಯ ಹಂಚನ್ನು. ದೇಶದಲ್ಲಿ ಎಲ್ಲೇ ಈ ಹಂಚು ಮಾಡಿದರೂ ಅದರ ಗುಣಮಟ್ಟ ಅಳೆಯಲು ಇರುವ ಐಎಸ್ 654 ಎಂಬ ಭಾರತೀಯ ಮಾನಕದ ಶೀರ್ಷಿಕೆಯಲ್ಲೇ ಮಂಗಳೂರಿನ ಹೆಸರು ಇದೆ. ಕಾರ್ಖಾನೆಯಲ್ಲಿ ಒಂದೇ ಅಳತೆಗೆ ಒತ್ತಿ, ಸುಟ್ಟು, ಎಣಿಸಿ ಮಾರುವ ಮಣ್ಣಿನ ಹಲಗೆಯ ಕಥೆಯನ್ನು ಕನ್ನಡ ನಾಡಿನಲ್ಲಿ ಹುಡುಕುವವರು ಮೊದಲು ಮಂಗಳೂರಿನ ನೇತ್ರಾವತಿ ನದಿಯ ದಂಡೆಗೆ ಹೋಗಬೇಕು.

ಕಾರ್ಖಾನೆಯ ಹಂಚು ಬರುವುದಕ್ಕೂ ಮುಂಚೆ ನೆಲ ಎಂದರೆ ಮಣ್ಣು. ಮಣ್ಣನ್ನು ಹದವಾಗಿ ನೆನೆಸಿ, ತುಳಿದು, ಹರಡಿ, ಮರದ ಕೊಡತಿಯಿಂದ ಬಡಿದು ಗಟ್ಟಿ ಮಾಡುತ್ತಿದ್ದರು. ಮೇಲೆ ಸೆಗಣಿಯ ಸಾರಣೆ. ಸೆಗಣಿಯಲ್ಲಿರುವ ನಾರು ಮಣ್ಣನ್ನು ಹಿಡಿದಿಟ್ಟು ಬಿರುಕು ತಡೆಯುತ್ತದೆ, ದೂಳು ಏಳದಂತೆ ಮಾಡುತ್ತದೆ. ಆದರೆ ಸಾರಣೆಗೆ ಆಯುಸ್ಸು ಕಡಿಮೆ. ವಾರಕ್ಕೊಮ್ಮೆಯೋ ಎರಡು ಸಲವೋ, ಹಬ್ಬ ಬಂದರೆ ಇನ್ನೊಂದು ಸಲವೋ, ಮನೆಯ ಹೆಂಗಸರು ಕುಕ್ಕರಗಾಲಲ್ಲಿ ಕೂತು ಮೂಲೆಯಿಂದ ಬಾಗಿಲಿಗೆ ಹಿಂದೆ ಸರಿಯುತ್ತ ಇಡೀ ನೆಲವನ್ನು ಕೈಯಿಂದ ಬಳಿಯಬೇಕಿತ್ತು. ಅಂಗೈಯ ಅರ್ಧಚಂದ್ರಾಕಾರದ ಗುರುತುಗಳು ಒಣಗಿದ ಮೇಲೂ ಸಾಲುಸಾಲಾಗಿ ಕಾಣುತ್ತಿದ್ದವು. ಚೆಂದವೇ ಸರಿ. ಆ ಚೆಂದದ ಹಿಂದೆ ಎಷ್ಟು ಬೆನ್ನು ನೋವು ಇತ್ತು ಎಂಬುದನ್ನು ಮರೆತು ಮಣ್ಣಿನ ನೆಲವನ್ನು ಹೊಗಳುವುದು ನ್ಯಾಯವಲ್ಲ.

ಉಳ್ಳವರ ಮನೆಗಳಲ್ಲಿ, ಮಠ ಮಂದಿರಗಳಲ್ಲಿ ಸುಣ್ಣದ ಗಾರೆ ಇತ್ತು. ಸುಣ್ಣ ಮತ್ತು ಮರಳನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ, ದಿನಗಟ್ಟಲೆ ಹುದುಗಿಸಿ ಬಳಸುತ್ತಿದ್ದರು. ಕಲಬುರಗಿ ಕಡೆಯಲ್ಲಿ ಭೂಮಿಯೇ ಪದರ ಪದರವಾಗಿ ಎದ್ದು ಬರುವುದರಿಂದ ಅಲ್ಲಿಯವರಿಗೆ ಈ ಕಷ್ಟವಿರಲಿಲ್ಲ. ಷಹಾಬಾದಿನ ಸುಣ್ಣದ ಕಲ್ಲನ್ನು ಎಬ್ಬಿಸಿ, ಚೌಕಕ್ಕೆ ಕಡಿದು, ಹಾಸಿದರೆ ಪರಸಿಯ ನೆಲ ಸಿದ್ಧ. ಬಿಸಿಲ ನಾಡಿನಲ್ಲಿ ಬರಿಗಾಲಿಗೆ ತಂಪು, ಎತ್ತಿನ ಗಾಡಿಯ ಭಾರಕ್ಕೂ ಜಗ್ಗದ ಗಟ್ಟಿ. ಉತ್ತರ ಕರ್ನಾಟಕದ ಎಷ್ಟೋ ಮನೆಗಳು ಪರಸಿಯನ್ನು ಇಂದಿಗೂ ಬಿಟ್ಟಿಲ್ಲ.

ಕರಾವಳಿಯ ಸ್ಥಿತಿ ಬೇರೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಮಂಗಳೂರಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಮಣ್ಣಿನ ನೆಲ ಒಣಗುವ ಮಾತೇ ಇಲ್ಲ. ಸೋಗೆ, ಮುಳಿಹುಲ್ಲು ಹೊದೆಸಿದ ಸೂರಿಗೆ ಪ್ರತಿ ವರ್ಷ ಹೊಸ ಹೊದಿಕೆ ಬೇಕು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳು ಇಲ್ಲಿಗೆ ಬಂದಾಗ ಅವರು ತಂದದ್ದು ಧರ್ಮಗ್ರಂಥ. ಕಾರ್ಖಾನೆಗಳು ಹುಟ್ಟಿದ್ದು ಆಮೇಲೆ, ಒಂದು ಇಕ್ಕಟ್ಟಿನಿಂದ. ಮತಾಂತರವಾದವರು ಮನೆಯಿಂದ, ಹೊಲದಿಂದ, ಕುಲಕಸುಬಿನಿಂದ ಒಟ್ಟಿಗೇ ಹೊರಬೀಳುತ್ತಿದ್ದರು. ಅವರ ಹೊಟ್ಟೆಪಾಡಿಗೆ ದಾರಿ ತೋರಿಸುವುದು ಮಿಶನ್ನಿನ ಹೊಣೆಯಾಯಿತು. ಮೊದಲು ಮುದ್ರಣ, ಆಮೇಲೆ ನೇಯ್ಗೆ, ಕೊನೆಗೆ ಹಂಚು.

ಮಿಶನ್ನಿನ ಮುದ್ರಣಾಲಯದ ಕೆಲಸಕ್ಕೆಂದು ಮಂಗಳೂರಿಗೆ ಬಂದಿದ್ದ ಗಿಯೋರ್ಗ್ ಪ್ಲೆಬ್ಸ್ಟ್ ಯಂತ್ರದ ಮನುಷ್ಯ. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಗದ್ದೆಗಳಲ್ಲಿ ಸಿಗುವ ಜಿಗುಟು ಮಣ್ಣು ಅವನ ಕಣ್ಣಿಗೆ ಬಿತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು 1841ರಲ್ಲಿ ರೂಪಿಸಿದ್ದ, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹಂಚು ಇಲ್ಲಿನ ಹಂಚಿಗೆ ಮಾದರಿ. ಕೈಯಲ್ಲಿ ತಟ್ಟಿ ಬಾಗಿಸಿದ ಕುಂಬಾರ ಹಂಚಿಗೆ ಹೋಲಿಸಿದರೆ ಇದು ಹಗುರ. ಒಂದರಂತೆಯೇ ಇನ್ನೊಂದು, ಮಳೆಗೆ ಸೋರದು, ಗಾಳಿಗೆ ಸರಿಯದು. ಮೂರೇ ವರ್ಷದಲ್ಲಿ ಊರಿನ ಕ್ರೈಸ್ತ ಉದ್ಯಮಿಗಳಾದ ಆಲ್ಬುಕರ್ಕ್ ಮನೆತನದವರು ಸ್ವಂತ ಕಾರ್ಖಾನೆ ತೆರೆದರು. ಮಿಶನ್ ಕೂಡ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫೆರೋಕ್ ಎಂದು ಕರಾವಳಿಯುದ್ದಕ್ಕೂ ಹಬ್ಬಿತು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಶತ್ರು ದೇಶದ ನಂಟಿದೆ ಎಂದು ಈ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು.

ಚರಿತ್ರೆಯಲ್ಲಿ ಹೆಸರು ಉಳಿದದ್ದು ಛಾವಣಿಯ ಹಂಚಿಗೆ. ಆದರೆ ಅದೇ ಭಟ್ಟಿಗಳಿಂದ ನೆಲದ ಹಂಚೂ ಹೊರಬರುತ್ತಿತ್ತು: ಚೌಕದ್ದು, ಆರು ಮೂಲೆಯದ್ದು, ಇಟ್ಟಿಗೆ ಬಣ್ಣದ್ದು, ಮೆರುಗಿಲ್ಲದ್ದು. ಮಂಗಳೂರು, ಉಡುಪಿ, ಕುಂದಾಪುರದ ಹಳೆಯ ಮನೆಗಳ ಜಗಲಿಯಲ್ಲಿ, ಇಗರ್ಜಿಗಳ ಹೊರಾಂಗಣದಲ್ಲಿ ಅವನ್ನು ಈಗಲೂ ನೋಡಬಹುದು. ನಾಡಿನ ಸಾಮಾನ್ಯ ಮನೆಗಳಿಗೆ ಕಾರ್ಖಾನೆಯಲ್ಲಿ ತಯಾರಾದ ನೆಲ ಬಂದದ್ದು ಹೀಗೆ. ನೆಲ ಮಾಡುವ ಕೆಲಸದ ಅರ್ಧ ಭಾಗ ಮನೆಯ ಹೊರಗೆ, ದೂರದ ಭಟ್ಟಿಯಲ್ಲೇ ಮುಗಿದಿರುತ್ತಿತ್ತು. ಮನೆಯಲ್ಲಿ ಉಳಿದದ್ದು ಜೋಡಿಸುವ ಕೆಲಸ.

ಇದೇ ಕಾಲಕ್ಕೆ ಇಂಗ್ಲೆಂಡಿನಿಂದ ಇನ್ನೊಂದು ಬಗೆಯ ಟೈಲ್ಸ್ ಅರಮನೆಗಳಿಗೆ ಬರುತ್ತಿತ್ತು. ಸ್ಟೋಕ್-ಆನ್-ಟ್ರೆಂಟಿನ ಹರ್ಬರ್ಟ್ ಮಿಂಟನ್, ಬಣ್ಣದ ಜೇಡಿಯನ್ನು ಟೈಲ್ಸ್‌ನ ಮೈಯೊಳಗೇ ಕೂರಿಸಿ ಸುಡುವ ಮಧ್ಯಯುಗದ ಕಲೆಯನ್ನು ಕಾರ್ಖಾನೆಗೆ ತಂದವನು. ಬಣ್ಣ ಮೇಲೆ ಬಳಿದದ್ದಲ್ಲವಾದ್ದರಿಂದ ಎಷ್ಟು ತುಳಿದರೂ ಚಿತ್ತಾರ ಮಾಸದು. ಅವನ ಹೆಸರು ಭಾರತದಲ್ಲಿ ಎಷ್ಟು ಹಬ್ಬಿತೆಂದರೆ ಯಾವ ವಿಲಾಯತಿ ಟೈಲ್ಸ್ ಆದರೂ ಅದನ್ನು ಮಿಂಟನ್ ಎಂದೇ ಕರೆದರು. 1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟುಹೋಗಿ, ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ರಲ್ಲಿ ಸಿದ್ಧವಾದಾಗ ಅದರ ಕಲ್ಯಾಣ ಮಂಟಪಕ್ಕೆ ಗ್ಲಾಸ್ಗೋದಿಂದ ನವಿಲಿನ ಚಿತ್ತಾರದ ಗಾಜು ಬಂತು, ನೆಲಕ್ಕೆ ಇಂಗ್ಲೆಂಡಿನ ಟೈಲ್ಸ್ ಬಂತು. ದಸರೆಗೆ ಅರಮನೆ ನೋಡಲು ಬರುವವರಲ್ಲಿ ತಲೆ ಎತ್ತಿ ಗಾಜು ನೋಡುವವರೇ ಹೆಚ್ಚು. ಒಮ್ಮೆ ತಲೆ ತಗ್ಗಿಸಿಯೂ ನೋಡಬೇಕು.

ಮಧ್ಯಮ ವರ್ಗದ ಮನೆಗೆ ಆ ಟೈಲ್ಸ್ ನಿಲುಕದು. ಆದರೆ ಮಣ್ಣಿನ ನೆಲ ಬಿಡಲು ಅವರಿಗೊಂದು ಬಲವಾದ ಕಾರಣ ಒದಗಿತು, ಅದೇ ಪ್ಲೇಗ್. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ 1898ರಲ್ಲಿ ಬೆಂಗಳೂರಿಗೆ ಬಂತು. ಮುಂಬಯಿಯ ಪ್ಲೇಗ್ ಅಧಿಕಾರಿಗಳು ಮನೆಗಳ ಮಣ್ಣಿನ ನೆಲವನ್ನೇ ಅಗೆಸಿ ಔಷಧ ಸುರಿಸಿದರು. ಇಲಿ ಬಿಲ ತೋಡಲಾಗದ ನೆಲ, ನೀರು ಸುರಿದು ತೊಳೆಯಬಹುದಾದ ನೆಲ ಒಳ್ಳೆಯ ಮನೆಯ ಲಕ್ಷಣವಾಯಿತು. ಬೆಂಗಳೂರಿನಲ್ಲಿ ಪೇಟೆಯ ಇಕ್ಕಟ್ಟು ಬಿಟ್ಟು ಬಂದವರಿಗಾಗಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಅಲ್ಲಿನ ಮನೆಗಳ ತಲೆಯ ಮೇಲೆ ಮಂಗಳೂರು ಹಂಚು ಬಂತು, ಕಾಲಡಿಗೆ ಕೆಂಪು ಗಾರೆ ಬಂತು.

ಕೆಂಪು ಗಾರೆಯ ನೆಲವನ್ನು ಕಂಡು ಬೆಳೆದವರು ಅದನ್ನು ಮರೆಯುವುದಿಲ್ಲ, ಮರೆಯಲೂಬಾರದು. ದಕ್ಷಿಣ ಭಾರತದ ಗಾರೆ ಕೆಲಸದವರು ಕೈಯಲ್ಲಿ ಮಾಡಿದ ಅತ್ಯಂತ ಕಷ್ಟದ ನೆಲ ಅದೇ ಇರಬೇಕು. ಮೊದಲು ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ತಳಪಾಯ, ಅದರ ಮೇಲೆ ಮರಳು ಸಿಮೆಂಟಿನ ಪದರ. ಅದು ಇನ್ನೂ ಹಸಿಯಿರುವಾಗಲೇ ಸಿಮೆಂಟು ಮತ್ತು ಕೆಂಪು ಆಕ್ಸೈಡಿನ ಮಿಶ್ರಣ ಹರಡಿ ಕರಣೆಯಿಂದ ಉಜ್ಜಬೇಕು. ಬಿಗಿಯುವ ಮೊದಲು ಉಜ್ಜಿದರೆ ಕರಣೆಯ ಗುರುತು ಉಳಿಯುತ್ತದೆ, ಬಿಗಿದ ಮೇಲೆ ಉಜ್ಜಿದರೆ ಹೊಳಪು ಬಾರದು. ನಡುವಿನ ಹದ ಗೊತ್ತಿರುವುದು ಮೇಸ್ತ್ರಿಯ ಮಣಿಕಟ್ಟಿಗೆ. ಒಂದು ಕೋಣೆಯ ನೆಲವನ್ನು ಒಂದೇ ಬೀಸಿಗೆ ಮುಗಿಸಬೇಕು, ನಾಳೆಗೆ ಬಿಟ್ಟರೆ ಗೆರೆ ಬೀಳುತ್ತದೆ. ಅಂಚಿಗೆ ಕಪ್ಪು ಪಟ್ಟಿ, ಕೆಲವೆಡೆ ಹಸಿರು, ಹಳದಿ. ಆಮೇಲೆ ಒಂದು ವಾರ ನೀರು ಕಟ್ಟಿ ನಿಲ್ಲಿಸುತ್ತಿದ್ದರು, ತೆಂಗಿನೆಣ್ಣೆಯನ್ನೋ ಮೇಣವನ್ನೋ ತಿಕ್ಕುತ್ತಿದ್ದರು. ಉಳಿದ ಹೊಳಪನ್ನು ಕೊಡುತ್ತಿದ್ದದ್ದು ವರ್ಷಗಟ್ಟಲೆ ಓಡಾಡಿದ ಪಾದಗಳು ಮತ್ತು ದಿನಾ ಒರೆಸಿದ ಒದ್ದೆ ಬಟ್ಟೆ. ಅದರ ಸಮಸ್ಯೆಯೂ ದೊಡ್ಡದೇ. ಒಮ್ಮೆ ಸೀಳಿತೆಂದರೆ ತೇಪೆ ಹಾಕಿದ ಜಾಗದ ಕೆಂಪು ಹಳೆಯ ಕೆಂಪಿಗೆ ಎಂದೂ ಹೊಂದುವುದಿಲ್ಲ.

ಗಾರೆ ಹೀಗೆ ಸುಣ್ಣದಿಂದ ಸಿಮೆಂಟಿಗೆ ತಿರುಗಲು ಸಿಮೆಂಟು ದೇಶದಲ್ಲೇ ಸಿಗಬೇಕಿತ್ತು. 1904ರಲ್ಲಿ ಮದ್ರಾಸಿನಲ್ಲಿ ನಡೆದ ಮೊದಲ ಪ್ರಯತ್ನ ನಿಲ್ಲಲಿಲ್ಲ. 1914ರಲ್ಲಿ ಪೋರಬಂದರಿನ ಕಾರ್ಖಾನೆ ನಿಂತಿತು. ಸಿಮೆಂಟು ಬಂದ ಮೇಲೆ ಸುಡದೆ ಮಾಡುವ ಟೈಲ್ಸ್‌ಗೂ ದಾರಿಯಾಯಿತು. ಫ್ರಾನ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಹುಟ್ಟಿದ ವಿಧಾನ ಅದು. ಕಬ್ಬಿಣದ ಅಚ್ಚಿನೊಳಗೆ ಹೂವು ಬಳ್ಳಿಯ ಆಕಾರದ ತೆಳು ಲೋಹದ ಪಟ್ಟಿಗಳನ್ನು ಇಟ್ಟು, ಪಟ್ಟಿಗಳ ನಡುವಿನ ಪ್ರತಿ ಖಾನೆಗೂ ಒಂದೊಂದು ಬಣ್ಣದ ಸಿಮೆಂಟು ಸುರಿದು, ಪಟ್ಟಿಯನ್ನು ಮೆಲ್ಲನೆ ಎತ್ತಿ, ಹಿಂದೆ ಒಣ ಮರಳು ಸಿಮೆಂಟು ತುಂಬಿ, ಒತ್ತುಯಂತ್ರದಡಿ ಅದುಮುತ್ತಾರೆ. ಆಮೇಲೆ ನೀರಿನಲ್ಲಿ ನೆನೆಸಿ ಗಟ್ಟಿ ಮಾಡುತ್ತಾರೆ. ಭಟ್ಟಿಯ ಕೆಲಸವೇ ಇಲ್ಲ. ತಮಿಳುನಾಡಿನ ಚೆಟ್ಟಿನಾಡಿನ ಆತ್ತಂಗುಡಿಯವರು ಇದನ್ನೇ ಗಾಜಿನ ಹಲಗೆಯ ಮೇಲೆ ಕೈಯಿಂದ ಮಾಡಿ, ಗಾಜಿನ ನುಣುಪನ್ನೇ ಟೈಲ್ಸ್‌ಗೆ ಇಳಿಸಿಕೊಂಡರು.

ಮುಂಬಯಿಯಲ್ಲಿ 1922ರಲ್ಲಿ ಫೆರೋಜ್‌ಶಾ ಸಿಧ್ವಾ ಮತ್ತು ಅವರ ಕುಟುಂಬದವರು ಕಟ್ಟಿದ ಭಾರತ್ ಟೈಲ್ಸ್ ಸಂಸ್ಥೆಗೆ ಸ್ವದೇಶಿ ಚಳವಳಿಯೇ ಪ್ರೇರಣೆ. ಪರದೇಶದ ಬಟ್ಟೆ ಬಿಟ್ಟ ಹಾಗೆ ಪರದೇಶದ ಟೈಲ್ಸ್ ಬಿಡಬೇಕೆಂದರೆ ಅಷ್ಟೇ ಒಳ್ಳೆಯದನ್ನು ಇಲ್ಲಿ ಮಾಡಬೇಕಲ್ಲ. ಎಂಟು ಇಂಚು ಚೌಕದ ಹೂವಿನ ಟೈಲ್ಸ್ ಬೆಂಗಳೂರು, ಮೈಸೂರು, ಮಂಗಳೂರಿನ ಉಳ್ಳವರ ನಡುಮನೆಗಳಿಗೂ ಬಂತು. ನಾಲ್ಕು ಟೈಲ್ಸ್ ಕೂಡಿಸಿದರೆ ಒಂದು ಹೂವು, ಹದಿನಾರು ಕೂಡಿಸಿದರೆ ಒಂದು ಮಂಡಲ. ಹೊಸ್ತಿಲ ಮುಂದೆ ದಿನಾ ಬೆಳಿಗ್ಗೆ ರಂಗೋಲಿ ಬಿಡುವ ಮನೆಗಳು ಈ ಚಿತ್ತಾರವನ್ನು ಅಷ್ಟು ಬೇಗ ತಮ್ಮದಾಗಿಸಿಕೊಂಡದ್ದು ಸಹಜವೇ.

ಸ್ವಾತಂತ್ರ್ಯದ ನಂತರದ ದಶಕಗಳು ಮೊಸಾಯಿಕ್ಕಿನವು. ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕಲಸಿ ಹಾಸಿ, ನೀರು ಬಿಟ್ಟು ಯಂತ್ರದಿಂದ ತಿಕ್ಕಿ, ಕೊನೆಗೆ ಆಕ್ಸಾಲಿಕ್ ಆಮ್ಲದಿಂದ ಹೊಳಪು ಕೊಡುವ ನೆಲ. ಸರ್ಕಾರಿ ವಸತಿಗೃಹ, ಶಾಲೆ, ಆಸ್ಪತ್ರೆ, ಬ್ಯಾಂಕು, ಎಲ್ಲೆಲ್ಲೂ ಅದೇ. ತಿಂಗಳುಗಟ್ಟಲೆ ಬೂದು ಕೆಸರು, ಯಂತ್ರದ ಗದ್ದಲ. ತಿಕ್ಕಿ ಮುಗಿಸುವವರೆಗೆ ಮನೆಯೊಳಗೆ ಬೇರೆ ಕೆಲಸ ಸಾಗದು.

ಸಿರಾಮಿಕ್ ಟೈಲ್ಸ್ ಗೆದ್ದದ್ದು ಇಲ್ಲಿ. ನೆಲದ ಚರಿತ್ರೆಯನ್ನು ಚೆಲುವಿನ ಚರಿತ್ರೆಯಾಗಿ ಬರೆಯುವುದು ರೂಢಿ. ಆದರೆ ಕನ್ನಡ ನಾಡಿನ ಮನೆಗಳು ಪ್ರತಿ ಸಲ ನೆಲ ಬದಲಿಸಿದಾಗಲೂ ಮೊದಲು ಕೇಳಿದ ಪ್ರಶ್ನೆ ಯಾರ ಕೆಲಸ ಎಷ್ಟು ಹಗುರಾಗುತ್ತದೆ ಎಂಬುದು. ಸಾರಣೆ ತಪ್ಪಿಸಿದ್ದು ಗಾರೆ, ಗಾರೆಯ ದೀರ್ಘ ಕಾಯುವಿಕೆಯನ್ನು ತಪ್ಪಿಸಿದ್ದು ಟೈಲ್ಸ್. ಪೆಟ್ಟಿಗೆಯಲ್ಲಿ ಬಂದದ್ದನ್ನು ಹಾಸಿ, ಸಂದು ತುಂಬಿ, ಕೆಲವೇ ದಿನಗಳಲ್ಲಿ ಓಡಾಡಬಹುದು. ಎಣ್ಣೆ ಚೆಲ್ಲಿದರೆ ಒರೆಸಿದರಾಯಿತು. ಅಡುಗೆಮನೆಯಲ್ಲಿ ದಿನ ಕಳೆಯುವವರಿಗೆ ಇದು ಸಣ್ಣ ಮಾತಲ್ಲ.

ಸಿರಾಮಿಕ್ ಟೈಲ್ಸ್ ತಯಾರಿಸುವ ಎಚ್ ಆ್ಯಂಡ್ ಆರ್ ಜಾನ್ಸನ್ ಕಂಪನಿ ಭಾರತಕ್ಕೆ ಬಂದದ್ದು 1958ರಲ್ಲಿ. ಮೊದಮೊದಲು ಬಿಳಿಯ ಮೆರುಗಿನ ಟೈಲ್ಸ್ ಬಚ್ಚಲಿನ ಗೋಡೆಗೆ ಸೀಮಿತವಾಗಿತ್ತು. ನೆಲಕ್ಕೆ ಅದು ಧಾರಾಳವಾಗಿ ಇಳಿದದ್ದು ಎಂಬತ್ತರ ದಶಕದ ನಂತರ. ಆ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆ. ಅಣೆಕಟ್ಟೆ, ಸೇತುವೆಗಳ ಗುತ್ತಿಗೆಯಿಂದ ಬೆಳೆದ, ಉತ್ತರ ಕನ್ನಡದ ಮುರುಡೇಶ್ವರದ ಆರ್.ಎನ್. ಶೆಟ್ಟಿ 1983ರಲ್ಲಿ ಮುರುಡೇಶ್ವರ ಸಿರಾಮಿಕ್ಸ್ ಕಂಪನಿ ಕಟ್ಟಿ, ಹುಬ್ಬಳ್ಳಿಯ ಬಳಿ ಕಾರ್ಖಾನೆ ತೆರೆದರು. ನವೀನ್ ಹೆಸರಿನ ಟೈಲ್ಸ್ ನಾಡಿನ ಅನೇಕ ಮನೆಗಳು ಕಂಡ ಮೊದಲ ಸಿರಾಮಿಕ್ ನೆಲ. ಮಂಗಳೂರಿನ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲವೂ ಅದೇ. ಆರ್‌ಸಿಸಿ ತಾರಸಿ ಹಂಚಿನ ಗಿರಾಕಿಗಳನ್ನು ಕಸಿಯಿತು. ಗದ್ದೆಯ ಮಣ್ಣು, ಸೌದೆ ಎರಡೂ ದುರ್ಲಭವಾದವು. ಮೊರ್ಬಿಯವರು ಇದೇ ಏಟು ಬಿದ್ದಾಗ ಹಂಚು ಬಿಟ್ಟು ಗೋಡೆಯ ಟೈಲ್ಸ್, ಅಲ್ಲಿಂದ ನೆಲದ ಟೈಲ್ಸ್ ಎಂದು ಕಸುಬು ಬದಲಿಸಿಕೊಂಡರು. ಮಂಗಳೂರಿನ ಭಟ್ಟಿಗಳು ಆ ಹಾದಿ ಹಿಡಿಯಲಿಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲದ ಕೈಚಳಕ, ಬಂದರು, ಹೆಸರು ಎಲ್ಲ ಇದ್ದೂ ಹೀಗಾದದ್ದು ನೋವಿನ ಸಂಗತಿ.

ತೊಂಬತ್ತರ ದಶಕದ ಕೊನೆಗೆ, ನೀರನ್ನು ಬಹುತೇಕ ಹೀರದ ವಿಟ್ರಿಫೈಡ್ ಟೈಲ್ಸ್ ಬಂತು. ಹೊಸ ಶತಮಾನದ ಆರಂಭದಲ್ಲಿ ಚೀನಾದ ಅಗ್ಗದ ಮಾಲು ಎಷ್ಟು ಸುರಿಯಿತೆಂದರೆ ಸರ್ಕಾರ ಅದರ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಹೇರಬೇಕಾಯಿತು. ಅಷ್ಟರಲ್ಲಿ ಮೊರ್ಬಿ ತಾನೇ ಅದನ್ನು ಮಾಡಲು ಕಲಿತಿತ್ತು. ಇಂದು ಟೈಲ್ಸ್ ತಯಾರಿಕೆಯಲ್ಲಿ ಚೀನಾದ ನಂತರದ ಸ್ಥಾನ ಭಾರತದ್ದು. ಅದಕ್ಕೆ ತೆತ್ತ ಬೆಲೆಯೂ ಇದೆ. ಕಲ್ಲುಪುಡಿಯ ದೂಳು ಕುಡಿದ ಕಾರ್ಮಿಕರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಅಂಟಿತು. ಕಲ್ಲಿದ್ದಲಿನಿಂದ ಅನಿಲ ತೆಗೆಯುವ ಘಟಕಗಳು ಊರಿನ ನೀರು, ಗಾಳಿ ಕೆಡಿಸಿದ್ದರಿಂದ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅವನ್ನು ಮುಚ್ಚಿಸಿತು. ಕಾರ್ಖಾನೆಗಳು ನೈಸರ್ಗಿಕ ಅನಿಲಕ್ಕೆ ಹೊರಳಬೇಕಾಯಿತು.

ಟೈಲ್ಸ್ ಆರಿಸುವವರಿಗೆ ತಿಳಿದಿರಬೇಕಾದ ಮುಖ್ಯ ವಿಷಯ, ಅದು ಎಷ್ಟು ನೀರು ಕುಡಿಯುತ್ತದೆ ಎಂಬುದು. ಮಾನಕಗಳು ಟೈಲ್ಸ್ ಅನ್ನು ವಿಂಗಡಿಸುವುದೂ ಅದರಿಂದಲೇ. ಗೋಡೆಯ ಟೈಲ್ಸ್ ತನ್ನ ತೂಕದ ಶೇ 10ಕ್ಕಿಂತ ಹೆಚ್ಚು ನೀರು ಹೀರುತ್ತದೆ, ವಿಟ್ರಿಫೈಡ್ ಶೇ 0.5ನ್ನೂ ಮೀರುವುದಿಲ್ಲ. ಅಂಗಡಿಯಲ್ಲಿ ಟೈಲ್ಸ್ ಮಗುಚಿ ಹಿಂಬದಿಗೆ ಒಂದು ಹನಿ ನೀರು ಬಿಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಈ ಗುಣವೇ ಹಾಸುವ ಕೆಲಸವನ್ನೂ ಬದಲಿಸಿತು. ಹಳೆಯ ಸಿರಾಮಿಕ್ ಟೈಲ್ಸ್ ಅನ್ನು ತೊಟ್ಟಿಯಲ್ಲಿ ನೆನೆಹಾಕಿ, ಗಾರೆಯ ಹಾಸಿನ ಮೇಲೆ ಸಿಮೆಂಟಿನ ತಿಳಿ ಸುರಿದು ಕೂರಿಸಿದರೆ ಸಿಮೆಂಟು ಅದರ ರಂಧ್ರಗಳೊಳಗೆ ಬೇರಿಳಿಸುತ್ತಿತ್ತು. ವಿಟ್ರಿಫೈಡ್‌ನಲ್ಲಿ ಹಿಡಿದುಕೊಳ್ಳಲು ರಂಧ್ರಗಳೇ ಇಲ್ಲ. ಹಳೆಯ ರೀತಿಯಲ್ಲೇ ಹಾಸಿದ ಎಷ್ಟೋ ಮನೆಗಳಲ್ಲಿ ಕೆಲವು ವರ್ಷಗಳ ನಂತರ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಬೇಸಿಗೆಯಲ್ಲಿ ಟೈಲ್ಸ್ ಎದ್ದು ನಿಲ್ಲುವುದೂ ಉಂಟು. ಅದಕ್ಕೆಂದೇ ಅಂಟಿನ ಪುಡಿ ಬಂದಿದೆ, ಅದಕ್ಕೂ ಐಎಸ್ 15477 ಎಂಬ ಮಾನಕವಿದೆ.

ಅಳತೆ ಬೆಳೆದಂತೆ ಮೇಸ್ತ್ರಿಯ ಕಷ್ಟವೂ ಬೆಳೆಯಿತು. ಎಂಟು ಇಂಚಿನದು ಒಂದು ಅಡಿಯಾಯಿತು, ಆಮೇಲೆ ಎರಡು ಅಡಿ, ಈಗ ನಾಲ್ಕು ಅಡಿ ಉದ್ದ. ಚಿಕ್ಕ ಟೈಲ್ಸ್ ನೆಲದ ಏರುತಗ್ಗನ್ನು ಸಂದುಗಳಲ್ಲಿ ನುಂಗಿಕೊಳ್ಳುತ್ತದೆ, ದೊಡ್ಡದು ಎತ್ತಿ ತೋರಿಸುತ್ತದೆ. ಬಾಗಿಲಿನಿಂದ ಬಾಗಿಲಿಗೆ ದಾರ ಕಟ್ಟಿ, ರಸಮಟ್ಟ ಇಟ್ಟು, ಮೂಲೆಮಟ್ಟದಿಂದ ಗೋಡೆಯ ಸೊಟ್ಟ ಎಷ್ಟೆಂದು ಮೊದಲೇ ಅಳೆದು, ಕತ್ತರಿಸಿದ ತುಂಡು ಕಣ್ಣಿಗೆ ಬೀಳದ ಗೋಡೆಯ ಬುಡಕ್ಕೆ ಹೋಗುವಂತೆ ಸಾಲು ಯೋಚಿಸುವವನೇ ಒಳ್ಳೆಯ ಕೆಲಸಗಾರ. ಬಚ್ಚಲಿನಲ್ಲಿ ನೀರು ಮೋರಿಗೆ ಹರಿಯುವಷ್ಟು ವಾಟ ಕೊಡಬೇಕು, ಕಾಲಿಗೆ ಇಳಿಜಾರು ಎನಿಸಲೂಬಾರದು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ರಾಜಸ್ಥಾನ, ಬಿಹಾರ, ಉತ್ತರಪ್ರದೇಶದಿಂದ ಬಂದವರು ಬಹಳ. ಚದರಡಿ ಲೆಕ್ಕದ ಕೂಲಿ ಅವಸರ ಮಾಡಿಸುತ್ತದೆ. ಸಾವಿರಾರು ರೂಪಾಯಿಯ ಟೈಲ್ಸ್ ಕೊಂಡು, ಹಾಸುವವನ ಕೂಲಿಯಲ್ಲಿ ಚೌಕಾಸಿ ಮಾಡುವ ಅಭ್ಯಾಸ ಹೋಗಬೇಕು.

ಕೆಲವು ವರ್ಷಗಳಿಂದ ಆತ್ತಂಗುಡಿ ಟೈಲ್ಸ್, ಕೆಂಪು ಗಾರೆ, ಹೂವಿನ ಸಿಮೆಂಟ್ ಟೈಲ್ಸ್ ಕೇಳಿಕೊಂಡು ಬರುವ ಮನೆಯವರು ಹೆಚ್ಚುತ್ತಿದ್ದಾರೆ. ಕೆಡವಿದ ಮನೆಗಳಿಂದ ಬಿಡಿಸಿದ ಹಳೆಯ ನೆಲಹಂಚಿಗೂ ಬೇಡಿಕೆಯಿದೆ. ಮೊರ್ಬಿಯ ಕಾರ್ಖಾನೆಗಳೂ ಸುಮ್ಮನಿಲ್ಲ. ಸ್ಪೇನಿನಲ್ಲಿ ಬೆಳೆದ ಡಿಜಿಟಲ್ ಮುದ್ರಣ ಕೈಗೆ ಬಂದ ಮೇಲೆ ಮರ, ಅಮೃತಶಿಲೆ, ಹಳೆಯ ಹೂವಿನ ಚಿತ್ತಾರ ಯಾವುದನ್ನಾದರೂ ಟೈಲ್ಸ್ ಮೇಲೆ ಅಚ್ಚು ಹಾಕುತ್ತವೆ. ಕೊಳ್ಳುವವರು ಸಿಮೆಂಟಿನದು, ಅಚ್ಚಿನದು ಎರಡರ ಅಂಚನ್ನೂ ಬೆಳಕಿಗೆ ಹಿಡಿದು ನೋಡಬೇಕು. ಸಿಮೆಂಟ್ ಟೈಲ್ಸ್‌ನಲ್ಲಿ ಬಣ್ಣ ಹಲವು ಮಿಲಿಮೀಟರ್ ಆಳಕ್ಕೆ ಇಳಿದಿರುತ್ತದೆ, ಮಾಸಿದರೆ ತಿಕ್ಕಿ ಹೊಳಪು ತರಬಹುದು. ಆದರೆ ಹುಣಸೆಹುಳಿ, ನಿಂಬೆರಸ ಬಿದ್ದರೆ ಕಲೆ ಹಿಡಿಯುತ್ತದೆ. ಅಚ್ಚಿನ ಟೈಲ್ಸ್‌ಗೆ ಕಲೆ ಹಿಡಿಯದು. ಅದರ ಚಿತ್ತಾರ ಮೆರುಗಿನ ತೆಳು ಪದರದಷ್ಟೇ, ಭಾರದ ಪಾತ್ರೆ ಬಿದ್ದು ಚಕ್ಕೆ ಎದ್ದರೆ ಒಳಗಿನ ಮೈ ಕಾಣುತ್ತದೆ. ನಡುಮನೆಗೆ, ದೇವರ ಮನೆಯ ಮುಂದಕ್ಕೆ ಮೊದಲನೆಯದು ಒಪ್ಪುತ್ತದೆ. ಅಡುಗೆಮನೆಗೆ ಎರಡನೆಯದೇ ಸರಿ. ಬಚ್ಚಲಿಗೆ ಎರಡನೆಯದನ್ನೇ ತಂದರೂ ಹೊಳಪಿಲ್ಲದ, ಕಾಲು ಜಾರದ ಒರಟು ಮೈಯದ್ದು ಬೇಕು.